ಹಾರಿದರಂತೆ

ಸುರಭಿ ಮಗಳಿಗೆ ಎಡಗಡೆಯ ಜಡೆ ಹೆಣೆದು ಮುಗಿಸಿ, ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿಕೊಂಡಿದ್ದಳಷ್ಟೆ, ಗೇಟಿನ ಚಿಲಕ ಸದ್ದಾಯಿತು.

"ಮೇಡಂ, ನಾನು ಶ್ರೀಕರ್, ಸಂಘದಿಂದ. ಹನ್ನೊಂದಕ್ಕೆ ಬರ್ತೀನಿ ಅಂದಿದ್ದೆ, ಆದ್ರೆ ಆಮೇಲೆ ಜೆ.ಪಿ. ನಗರಕ್ಕೆ ಹೋಗೋದಿದೆ. ಈಗ್ಲೇ ಮುಗಿಸ್ಬಿಡೋಣ್ವಾ? ಹತ್ತೇ ನಿಮಿಷ."

ಇನ್ನೂ ಎಂಟೂಕಾಲು. ಒಲೆಯ ಮೇಲೆ ಕುಕ್ಕರ್ ಇಟ್ಟಿತ್ತು. ಎರಡನೇ ಶನಿವಾರವಾದ್ದರಿಂದ ಶಾಲೆಗೆ ರಜೆ, ಅದೊಂದು ಪುಣ್ಯ. ಹಿಡಿದ ಕೂದಲನ್ನು ಹಾಗೇ ಬಿಟ್ಟು ಸುರಭಿ ಎದ್ದಳು. ಒಂದೇ ಜಡೆಯ ಪ್ರಕೃತಿ ಅವಳ ಹಿಂದೆಯೇ ಬಂದಳು.

"ಅತ್ತೆ, ಅವರು ಬಂದ್ರು."

ಒಳಗೆ ಬೀರು ಮುಚ್ಚಿದ ಸದ್ದು. ಸೀತಮ್ಮ ಮೂರನೇ ಸೀರೆ ಉಡುತ್ತಿದ್ದರು. ಎಂಬತ್ತೆರಡರ ಈ ಅತ್ತೆ ನಾಲ್ಕು ದಿನದಿಂದ ಒಂದು ಕಡೆ ಕೂತವರಲ್ಲ. ಕನ್ನಡಕ ಹುಡುಕುವುದು, ಸಿಕ್ಕಿದ ಮೇಲೆ ಇನ್ನೆಲ್ಲೋ ಇಡುವುದು, ಮತ್ತೆ ಹುಡುಕುವುದು. ರಾತ್ರಿ ತಿಂದದ್ದೂ ಅಷ್ಟಕ್ಕಷ್ಟೆ.

ಇದಕ್ಕೆಲ್ಲ ಕಾರಣ ಅವರ ತಂದೆ ಜಯಸಿಂಹ ಮೇಷ್ಟ್ರು. ಎಪ್ಪತ್ತೊಂದು ವರ್ಷದ ಹಿಂದೆ, ಬನಶಂಕರಿಯ ಆಚೆ ಬರೀ ಹೊಲ, ಬಂಡೆ, ದಿಣ್ಣೆಗಳಿದ್ದ ಕಾಲದಲ್ಲಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು ಎಂಜಿನ್ ಇಲ್ಲದ ಒಂದು ವಿಮಾನ ಮಾಡಿದ್ದರು. ಬಿದಿರು ಸೀಳಿ ಚೌಕಟ್ಟು ಕಟ್ಟಿ, ಮೇಲೆ ಮಲ್ ಬಟ್ಟೆ ಹೊದಿಸಿ, ಬಟ್ಟೆ ಬಿಗಿಯಾಗಲೆಂದು ಅನ್ನದ ಗಂಜಿ ಬಳಿದು, ಕೆಳಗೆ ಸೈಕಲ್ಲಿನ ಚಕ್ರ ಕೂರಿಸಿದ್ದರು. ಗಂಜಿಯ ಆಸೆಗೆ ಇಲಿಗಳು ರೆಕ್ಕೆಯನ್ನೇ ಕಡಿದುಹಾಕಿದವು. ಎರಡನೆಯದನ್ನು ಗಾಳಿ ಮಗುಚಿ ಹಾಕಿತು. ಮೂರನೆಯದಕ್ಕೆ ಗಂಜಿಯಲ್ಲಿ ಬೇವಿನ ಕಷಾಯ ಬೆರೆಸಿ ಬಳಿದು, ಒಂದು ಭಾನುವಾರ ದಿಣ್ಣೆಯ ತಲೆಗೆ ಹೊತ್ತುಕೊಂಡು ಹೋದರು.

ಆರು ಜನ ವಿದ್ಯಾರ್ಥಿಗಳು ಹಗ್ಗ ಎಳೆಯುತ್ತ ಇಳಿಜಾರಿನಲ್ಲಿ ಓಡಿದರು. ಹಿಂದೆ ರೆಕ್ಕೆಯ ತುದಿ ಹಿಡಿದು ಓಡಿದವಳು ಹನ್ನೊಂದು ವರ್ಷದ ಸೀತೆ. ಹಗ್ಗ ಕಳಚಿದ್ದೇ ಆರೂ ಜನ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದರು. ಅವರು ಎದ್ದು ನೋಡುವಷ್ಟರಲ್ಲಿ ವಿಮಾನ ಕೆಳಗೆ ಹುಲ್ಲಿನಲ್ಲಿ ಮುರಿದು ಬಿದ್ದಿತ್ತು, ಮೇಷ್ಟ್ರ ಮಂಡಿಯೂ ಮುರಿದಿತ್ತು. ಚಕ್ರದ ಗುರುತು ಎಲ್ಲಿ ನಿಂತಿದೆ, ಎಲ್ಲಿ ಮತ್ತೆ ಶುರುವಾಗಿದೆ ನೋಡಿ ಎಂದು ಮೇಷ್ಟ್ರು ಬಿದ್ದಲ್ಲಿಂದಲೇ ಕೂಗಿದರು. ಅವರನ್ನು ಎತ್ತಲು ಓಡಿಬಂದ ಹೊಲದ ಜನ ಆ ಹುಲ್ಲನ್ನೆಲ್ಲ ತುಳಿದಾಗಿತ್ತು. "ಮೇಷ್ಟ್ರು ಹಾರಲಿಲ್ಲ, ಜಾರಿದ್ರು" ಎಂದು ಊರು ತೀರ್ಮಾನ ಮಾಡಿತು. ಜಾರೋ ಮೇಷ್ಟ್ರು ಎಂಬ ಹೆಸರೇ ನಿಂತುಹೋಯಿತು.

ಆ ದಿಣ್ಣೆಯ ಜಾಗದಲ್ಲಿ ಈಗ ಒಂದು ಪಾರ್ಕ್. ಬಡಾವಣೆಯ ಸಂಘದವರಿಗೆ ಅಲ್ಲೊಂದು ಕಲ್ಲು ನಿಲ್ಲಿಸಿ, ಜಯಸಿಂಹ ಮೇಷ್ಟ್ರು ಇಲ್ಲಿಂದ ಹಾರಿದರು ಎಂದು ಕೆತ್ತಿಸುವ ಆಸೆ. ಕೆತ್ತಿಸಬೇಕಾದರೆ ಕಣ್ಣಾರೆ ಕಂಡವರು ಹೇಳಬೇಕು. ಕಂಡವರೆಂದರೆ ಸೀತಮ್ಮ ಒಬ್ಬರೇ.

ಶ್ರೀಕರ್ ನಡುಮನೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಫೋನ್ ಸಿಕ್ಕಿಸಿದ. ಮೂವತ್ತರ ಹುಡುಗ, ಮಾತು ಮೃದು, ಕಣ್ಣು ಮಾತ್ರ ಗಡಿಯಾರದ ಮೇಲೆ.

"ಅಮ್ಮ, ಫೋನ್ ನೋಡ್ಬೇಡಿ. ನನ್ನ ನೋಡ್ಕೊಂಡು ಹೇಳಿ."

"ನಿನ್ನಲ್ಲಿ ನೋಡೋಕೆ ಏನಿದೆಯಪ್ಪಾ," ಎಂದರು ಸೀತಮ್ಮ. ಅವನು ನಕ್ಕ. ಅವರು ನಗಲಿಲ್ಲ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

ಹೇಳುವುದೇನೋ ಚೆನ್ನಾಗಿಯೇ ಹೇಳಿದರು. ಅಪ್ಪ ಬಿದಿರು ಸೀಳಿದ್ರು, ಅಮ್ಮ ಬಟ್ಟೆ ಹೊಲಿದ್ರು, ಇಲಿ ಹದಿನೇಳು ತೂತು ಮಾಡ್ತು, ನಾನೇ ಎಣಿಸಿದೆ. ದಿಣ್ಣೆ ಹತ್ತಿಸಿದ್ದಾಯಿತು, ಹುಡುಗರು ಓಡಿದ್ದಾಯಿತು.

"ಹಗ್ಗ ಬಿಟ್ರು. ಚಕ್ರ ನೆಲ ಬಿಡ್ತಂತೆ. ಅಪ್ಪ ಹಾರಿದ್ರಂತೆ, ಆಳೆತ್ತರಕ್ಕೆ."

"ಸೂಪರ್ ಅಮ್ಮ. ಒಂದೇ ಒಂದು. ಈ 'ಅಂತೆ' ಬೇಡ. ನೀವೇ ಅಲ್ಲಿದ್ರಲ್ಲ, 'ಹಾರಿದ್ರು' ಅನ್ನಿ ಸಾಕು. ನಮ್ಮ ಕಮಿಟೀಲಿ ಒಬ್ರು ಅಂಕಲ್ ಇದಾರೆ, ಅಂತೆಕಂತೆಗೆಲ್ಲ ಕಲ್ಲು ನಿಲ್ಲಿಸೋಕಾಗಲ್ಲ ಅಂತ ಈಗ್ಲೇ ಕೂತಿದಾರೆ."

ಮದುವೆಯಾಗಿ ಬಂದ ಮೇಲೆ ಸುರಭಿ ಈ ಕಥೆಯನ್ನು ನೂರು ಸಲವಾದರೂ ಕೇಳಿದ್ದಳು. ಉಳಿದೆಲ್ಲ ಕಡೆ ನೆಟ್ಟಗೆ ಓಡುವ ಅತ್ತೆಯ ಮಾತು ಆ ಒಂದು ಜಾಗದಲ್ಲಿ ಮಾತ್ರ ಯಾರೋ ಹೇಳಿದ್ದನ್ನು ಹೇಳುವ ಹಾಗೆ ಯಾಕೆ ಹೊರಳುತ್ತದೆ ಎಂದು ಅವಳಿಗೆ ಅನ್ನಿಸಿದ್ದು ಇವತ್ತೇ. ಪಕ್ಕದಲ್ಲಿ ಪ್ರಕೃತಿ ಅವಳ ಚೂಡಿದಾರ್ ಜಗ್ಗಿದಳು.

"ಅಮ್ಮಾ, ಅಜ್ಜಿ ಯಾಕೆ..."

"ಶ್ಶ್. ರೆಕಾರ್ಡ್ ಆಗ್ತಿದೆ."

ಎರಡನೇ ಸಲವೂ "ಹಾರಿದ್ರಂತೆ" ಎಂದೇ ಬಂತು. ಪ್ರಕೃತಿ ಮತ್ತೆ ಬಾಯಿ ತೆರೆದಳು, ಸುರಭಿ ಕಣ್ಣಿನಲ್ಲೇ ಮುಚ್ಚಿಸಿದಳು. ಮೂರನೇ ಸಲ ಸೀತಮ್ಮ "ಅಪ್ಪ ಹಾರಿ..." ಎಂದು ನಿಂತರು. ಸೋಫಾದ ಕೈ ಹಿಡಿದು ಎದ್ದರು.

"ಕುಕ್ಕರ್ ಕೂಗ್ತು," ಎಂದು ಒಳಗೆ ನಡೆದೇಬಿಟ್ಟರು.

ಕುಕ್ಕರ್ ಕೂಗಿರಲಿಲ್ಲ. ಸುರಭಿ ಹಿಂದೆ ಹೋದಾಗ ಅವರು ಒರೆಸಿಟ್ಟ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದರು.

"ಅವನನ್ನ ಕಳಿಸ್ಬಿಡು ಸುರಭಿ. ನೆನಪಿಲ್ವಂತೆ ಅನ್ನು."

"ಇಲಿ ಮಾಡಿದ ತೂತು ಎಷ್ಟು ಅಂತ ನೆನಪಿದೆ ನಿಮಗೆ."

ಸೀತಮ್ಮ ಬಟ್ಟೆಯನ್ನು ಹಿಂಡಿದರು. ಅದರಲ್ಲಿ ನೀರಿರಲಿಲ್ಲ.

"ಅಪ್ಪನ ಮಂಡಿಗೆ ಕಟ್ಟು ಹಾಕ್ತಾ ಇದ್ರು. ಆ ನೋವಲ್ಲೂ ನನ್ನ ಹತ್ರ ಕರೆದು, ನೋಡಿದ್ಯಲ್ಲ ಮಗೂ ಅಂದ್ರು. ಹೂಂ ಅಂದೆ. ಆಮೇಲೆ ಯಾರು ಎಷ್ಟು ಆಡ್ಕೊಂಡ್ರೂ ಅವರಿಗೆ ಏನೂ ಆಗ್ತಿರಲಿಲ್ಲ. ನನ್ನ ಮಗಳು ನೋಡಿದಾಳೆ, ಬಿಡಿ ಅನ್ನೋರು. ಸ್ನೇಹಿತರು ಇನ್ನೊಂದು ಮಾಡೋಣ, ಈ ಸಲ ನಾವೆಲ್ಲ ಬರ್ತೀವಿ ಅಂತ ಬಿದಿರು ತಂದು ಹಾಕಿದ್ರು. ಬೇಡ, ಸೀತೆ ನೋಡಿದಾಳಲ್ಲ, ಸಾಕು ಅಂದ್ಬಿಟ್ರು."

ಸುರಭಿ ಅವರ ಕೈಯಿಂದ ಬಟ್ಟೆ ತೆಗೆದುಕೊಂಡಳು. ಕಲ್ಲು ನಿಲ್ಲದಿದ್ದರೆ ಅತ್ತೆಯ ಅಪ್ಪ ಇನ್ನು ಜಾರೋ ಮೇಷ್ಟ್ರಾಗಿಯೇ ಉಳಿದುಬಿಡುತ್ತಾರೆ. ಅತ್ತೆ ಹೇಳದೆ ಕಲ್ಲು ನಿಲ್ಲುವುದಿಲ್ಲ. ಅತ್ತೆಯ ನಾಲಿಗೆ ಮಾತ್ರ ಆ ಎರಡು ಅಕ್ಷರವನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲ.

"ಮೇಡಂ," ನಡುಮನೆಯಿಂದ ಶ್ರೀಕರನ ದನಿ ಬಂತು. "ಇನ್ನೊಂದೇ ಟೇಕ್. ಒಂದು ಮಾತು ಅಷ್ಟೇ."

"ಬಂದೆ," ಎಂದರು ಸೀತಮ್ಮ. ನೆರಿಗೆ ಸರಿಮಾಡಿಕೊಂಡರು. "ಹೇಳ್ಬಿಡ್ತೀನಿ ನಡಿ. ನೋಡಿದೆ, ಹಾರಿದ್ರು, ಅಷ್ಟೇ ತಾನೆ. ಯಾರಿಗೇನು ನಷ್ಟ."

ಅಡುಗೆಮನೆಯ ಬಾಗಿಲಿಗೆ ಪ್ರಕೃತಿ ಅಡ್ಡ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಿಟ್ಟ ಕೂದಲು ಒಂದು ಕಣ್ಣಿನ ಮೇಲೆ ಬಂದಿತ್ತು, ಅವಳು ಅದನ್ನು ಸರಿಸಲೂ ಇಲ್ಲ, ಅಜ್ಜಿಗೆ ದಾರಿ ಬಿಡಲೂ ಇಲ್ಲ. ಮಗಳ ತುಟಿ ಅಲುಗಿದ್ದು ಕಂಡು ಸುರಭಿಯ ಬೆರಳು ತಾನಾಗಿ ಮೇಲೆದ್ದಿತು. ಶ್ಶ್ ಎನ್ನುವ ಅಭ್ಯಾಸ. ಅತ್ತೆಯ ಮುಖ ನೋಡಿ ಅವಳು ಆ ಬೆರಳನ್ನು ಅರ್ಧದಲ್ಲೇ ಇಳಿಸಿ, ಒಲೆ ಆರಿಸಿದಳು.

ಪ್ರಕೃತಿ ಅಜ್ಜಿಯ ಕೈ ಹಿಡಿದುಕೊಂಡಳು. ಗುಟ್ಟು ಕೇಳುವವಳ ಹಾಗೆ ಮೆಲ್ಲಗೆ, ಆದರೆ ನಡುಮನೆಗೂ ಕೇಳುವಷ್ಟು ಸ್ಪಷ್ಟವಾಗಿ ಕೇಳಿದಳು:

"ಅಜ್ಜಿ, ಹಗ್ಗ ಬಿಟ್ಟಾಗ ನಿಂಗೆ ಭಯ ಆಗಿ ಕಣ್ಣು ಮುಚ್ಕೊಂಡ್ಬಿಟ್ಯಾ?"