ಕೀಪರ್ ಕಂಡ ಮೊಳಕೈ

೨೦೨೪ರ ಫೆಬ್ರವರಿ ೬, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ರಾಜಕುಮಾರನಿಗೆ ಫೋನು ಬಂತು. ಗದ್ವಾಲದ ಮನೆಯ ಪಡಸಾಲೆಯಲ್ಲಿ ಅಪ್ಪ ಮಾರ್ಕಂಡೇಯ, ಅವ್ವ ಸುಗುಣಮ್ಮ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಜೋಡಿಯಾಗಿ ಕೂತಿದ್ದರು. ಲಾಳಿಯ ಸದ್ದಿಗೆ ಮಾತು ಕೇಳದೆ ಅವನು ಅಂಗಳಕ್ಕೆ ಇಳಿದ. ಮಾತಾಡಿದ್ದು ಭಾರತ ಕ್ರಿಕೆಟ್ ತಂಡದ ಮ್ಯಾನೇಜರ್. ಹಿಂದಿನ ವಾರದ ಪಂದ್ಯದಲ್ಲಿ ರಾಜಕುಮಾರ ಹಾಕಿದ ದೂಸ್ರಾದ ಮೇಲೆ, ಅಂದರೆ ಆಫ್ ಸ್ಪಿನ್ನಿನಂತೆ ಬಂದು ಹೊರಕ್ಕೆ ತಿರುಗುವ ಚೆಂಡಿನ ಮೇಲೆ, ಅಂಪೈರರು ಅನುಮಾನ ಬರೆದುಕೊಟ್ಟಿದ್ದರು. ಕೈ ಮೇಲಿಂದ ಬರುವಾಗ ಮಡಚಿದ ಮೊಳಕೈ ನೆಟ್ಟಗಾಗುತ್ತದೆ, ಅದು ಬೌಲಿಂಗಲ್ಲ, ಕಲ್ಲು ಬೀಸಿದ ಹಾಗೆ ಎಂದು. ಹದಿನೈದು ಡಿಗ್ರಿಯವರೆಗೆ ನಿಯಮ ಒಪ್ಪುತ್ತದೆ. ಅದನ್ನು ದಾಟಿದರೆ ಆ ಚೆಂಡನ್ನು ಮತ್ತೆ ಹಾಕುವಂತಿಲ್ಲ. ಮುಂದಿನ ವಾರ ಪ್ರಯೋಗಾಲಯದಲ್ಲಿ ಪರೀಕ್ಷೆ.

ರಾಜಕುಮಾರನಿಗೆ ನಗು ಬಂತು. "ನಮ್ಮ ಉದಯಕುಮಾರನ್ನ ಕೇಳ್ರಿ ಸಾರ್. ಹನ್ನೆರಡು ವರ್ಷದಿಂದ ಸ್ಟಂಪಿನ ಹಿಂದ ನಿಂತು ನೋಡ್ಯಾನ. ಮೊಳಕೈ ನೆಟ್ಟಗೈತಿ, ಮಡಚಂಗಿಲ್ಲ ಅಂತಾನ."

"ನೀವು ನೋಡಿದ್ದೀರಾ?" ಮ್ಯಾನೇಜರ್ ಕೇಳಿದರು.

ಅವನು ನೋಡಿರಲಿಲ್ಲ. ಟಿವಿಯಲ್ಲಿ ತನ್ನ ಬೌಲಿಂಗ್ ಬಂದರೂ ಅವನ ಕಣ್ಣು ಚೆಂಡು ಬಿದ್ದ ಜಾಗಕ್ಕೇ ಹೋಗುತ್ತಿತ್ತು. ಒಮ್ಮೆ ತರಬೇತಿ ಶಿಬಿರದಲ್ಲಿ ಕೋಚ್ ಒಬ್ಬರು ನಿಧಾನಗತಿಯ ವಿಡಿಯೋ ತೋರಿಸಲು ಕರೆದಾಗ ಅವನು ಎದ್ದು ಬಂದಿದ್ದ. ಉದಯನ ಮಾತನ್ನು ಪರೀಕ್ಷೆಗೆ ಹಚ್ಚಿದಂತಾಗುತ್ತದೆ ಎನ್ನಿಸಿತ್ತು.

ಹೊರಗಿನವರಿಗೆ ಇದು ಹುಚ್ಚು ಎನಿಸಬಹುದು. ಆದರೆ ಅವನು ಬೆಳೆದದ್ದು ಮಗ್ಗದ ಮನೆಯಲ್ಲಿ. ಗದ್ವಾಲದ ಸೀರೆಗೆ ಒಡಲು ಹತ್ತಿ, ಅಂಚು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೂಡಿಸುತ್ತಾ ನೇಯಬೇಕು. ಅದಕ್ಕೆ ಇಬ್ಬರು ಬೇಕು, ಬಲದ ಅಂಚು ಒಬ್ಬರದು, ಎಡದ ಅಂಚು ಇನ್ನೊಬ್ಬರದು. "ಕೂಡಿತೇನು?" ಎಂದು ಕೇಳಬೇಕು, "ಕೂಡಿತು" ಎಂದರೆ ಲಾಳಿ ಬಿಡಬೇಕು. ಬಗ್ಗಿ ಇನ್ನೊಬ್ಬರ ಅಂಚನ್ನು ಇಣುಕಿದರೆ ಮಾರ್ಕಂಡೇಯನ ಮನೆಯಲ್ಲಿ ಅದು ಬೈಗುಳಕ್ಕಿಂತ ಕಡೆ. ಚಿಕ್ಕಂದಿನಲ್ಲಿ ಒಮ್ಮೆ ಹಾಗೆ ಇಣುಕಿದ್ದಕ್ಕೆ ರಾಜಕುಮಾರನಿಗೆ ಅಪ್ಪ ಆ ಹೊತ್ತಿನ ಊಟ ಹಾಕಿಸಿರಲಿಲ್ಲ. ಬೌಲಿಂಗಿನಲ್ಲೂ ಹಾಗೆಯೇ, ಬೌಲರನಿಗೆ ತನ್ನ ಮೊಳಕೈ ಕಾಣುವುದಿಲ್ಲ, ಕೀಪರನಿಗೆ ಕಾಣುತ್ತದೆ. ಓವರ್ ಮುಗಿದಾಗಲೆಲ್ಲ ಅವನು "ಹ್ಯಾಂಗೈತಿ?" ಎಂದು ಕೇಳುತ್ತಿದ್ದ, ಉದಯ "ನೆಟ್ಟಗೈತಿ" ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು.

ಉದಯನೇ ಬಂದು ಅಧಿಕಾರಿಗಳ ಮುಂದೆ ಒಂದು ಮಾತು ಹೇಳಿದರೆ ಸಾಕೆಂದುಕೊಂಡು ರಾಜಕುಮಾರ ಉಟ್ಟ ಬಟ್ಟೆಯಲ್ಲೇ ಕಾರು ಹತ್ತಿದ. ಜುರಾಲಾ ಅಣೆಕಟ್ಟೆಯ ಮೇಲೆ ಕೃಷ್ಣೆ ದಾಟಿ ಉದಯನ ಊರು ಮಖ್ತಲ್ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಉದಯನ ಅವ್ವ ಗುರಮ್ಮ ಬಾಗಿಲಲ್ಲೇ ಗಲ್ಲ ಹಿಡಿದಳು.

"ಏನೋ ರಾಜಾ, ಟಿವಿಯಾಗ ಗೂಳಿ ಹಂಗ ಕಾಣ್ತಿ, ಇಲ್ಲಿ ನೋಡಿದ್ರ ಒಣಗಿದ ಬೆಂಡೀಕಾಯಿ! ಊಟಕ್ಕ ಹಾಕ್ತಾರೋ ಇಲ್ಲೋ ನಿಮ್ಮ ಇಂಡಿಯಾ ಟೀಮಿನವರು?"

"ಹಾಕ್ತಾರಬೇ. ಉಪ್ಪು ಇರಂಗಿಲ್ಲ ಅಷ್ಟ."

"ನಮ್ಮ ಉದಯನೂ ನಾಳೆ ಇಂಡಿಯಾಕ್ಕ ಹೋಗ್ತಾನ, ನಾಡಿದ್ದು ಹೋಗ್ತಾನ ಅಂತ ಕಾದು ಕಾದು ನನ್ನ ಹಲ್ಲು ಉದುರ್ಯಾವ. ನೀನರ ಒಂದ್ ಮಾತು ಹೇಳೋ."

ಒಳಗಿಂದ ಬಂದ ಉದಯ ನಗಲಿಲ್ಲ. ರಾಜ್ಯ ತಂಡದಲ್ಲಿ ಅವನಿಗಿಂತ ಚುರುಕಾದ ಕೀಪರುಗಳಿದ್ದರು. ರಾಜಕುಮಾರನ ದೂಸ್ರಾ ಯಾವ ಕಡೆ ಹೊರಳುತ್ತದೆಂದು ಕೈಯಲ್ಲೇ ಓದಬಲ್ಲವನು ಇವನೊಬ್ಬನೇ ಎಂದು ಅವನನ್ನು ಉಳಿಸಿಕೊಂಡಿದ್ದರು. ರಾಜಕುಮಾರ ದೂರಿನ ಸುದ್ದಿ ತಿಳಿಸಿ, ಅಧಿಕಾರಿಗಳ ಮುಂದೆ ಬಂದು ಹೇಳೆಂದ.

"ನನ್ನ ಮಾತು ಯಾರು ಕೇಳ್ತಾರೋ ಅಲ್ಲಿ?"

"ಹೇಳಾಕ ಏನ್ ನೋವು ನಿನಗ? ನೋಡಿದ್ದನ್ನ ಹೇಳು."

"ನಡಿ, ಮೊದಲು ನಾರಾಯಣಪೇಟೆಗೆ ಹೋಗೋಣು. ನೆಟ್ ಕಟ್ಟ್ಯಾರ. ನಾಕು ಹಾಕು, ನೋಡ್ತೀನಿ."

ನಾರಾಯಣಪೇಟೆಯ ಆ ಮೈದಾನದಲ್ಲೇ ಇಬ್ಬರೂ ಶಾಲೆಯ ಪಂದ್ಯ ಆಡಿದ್ದರು. ರಾಜಕುಮಾರ ಹೊರಕ್ಕೆ ತಿರುಗುವ ಚೆಂಡನ್ನು ಕಂಡುಕೊಂಡದ್ದೂ ಅಲ್ಲೇ. ಅದೊಂದು ಚೆಂಡು ಇಲ್ಲದಿದ್ದರೆ ಅವನು ಜಿಲ್ಲೆಗೊಬ್ಬ ಸಿಗುವಂಥ ಆಫ್ ಸ್ಪಿನ್ನರ್. ಭಾರತದ ಅಂಗಿ ಮೈಮೇಲೆ ಬಂದದ್ದು ಅದರಿಂದ.

ಅವನು ಅಳತೆಯಿಟ್ಟು ಓಡಿಬರಲು ಹಿಂದೆ ಸರಿದ. ಉದಯ ಗ್ಲೌಸು ಹಾಕಿಕೊಳ್ಳುತ್ತಾ ಕೇಳಿದ:

"ತುಂಬು ತೋಳಿನ ಅಂಗಿ ತಂದಿಲ್ಲೇನು?"

"ಇಲ್ಲಲೇ. ಮನಿಯಿಂದ ಹಂಗ ಬಂದೆ."

"ಬಿಸಿಲೈತಿ. ನನ್ನದು ಚೀಲದಾಗೈತಿ, ಹಾಕ್ಕೋ."

"ನಾಕು ಚೆಂಡಿಗೆ ಏನ್ ಸುಡತೈತಿ? ಇಲ್ಲಿ ಯಾರ್ ನೋಡಾಕ ಬರ್ತಾರ?"

ಅಂದವನೇ ರಾಜಕುಮಾರ ನಿಂತ. ಹನ್ನೆರಡು ವರ್ಷದಿಂದ ಅವನು ತುಂಬು ತೋಳಿನ ಅಂಗಿಯಲ್ಲೇ ಬೌಲಿಂಗ್ ಮಾಡುತ್ತಿದ್ದ. ಚರ್ಮ ಸುಟ್ಟರೆ ಬೆರಳಿನ ಹಿಡಿತ ಹೋಗುತ್ತದೆ ಎಂದು ಮೊದಲ ಅಂಗಿ ತಂದುಕೊಟ್ಟವನು ಉದಯ. ಹೈದರಾಬಾದಿನ ಮಳೆಗಾಲದ ಪಂದ್ಯದಲ್ಲೂ, ಬಿಸಿಲೇ ಇಲ್ಲದ ದಿನವೂ, ತೋಳು ಮಡಚಿದರೆ ಉದಯನೇ ಬಂದು ಇಳಿಸುತ್ತಿದ್ದ. ಎಷ್ಟು ಕಾಳಜಿ ಎಂದು ಸುಗುಣಮ್ಮ ಹರಸಿದ್ದಳು.

ಅವನು ಅರೆತೋಳಿನಲ್ಲೇ ಓಡಿಬಂದು ದೂಸ್ರಾ ಹಾಕಿದ. ಚೆಂಡು ಬಿದ್ದು ಹೊರಕ್ಕೆ ಹೊರಳಿತು. ಉದಯನ ಗ್ಲೌಸು ಅದಕ್ಕಿಂತ ಮೊದಲೇ ಅಲ್ಲಿತ್ತು.

"ಹ್ಯಾಂಗೈತಿ?"

ಉದಯ ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಂಡ.

"ಉದ್ಯಾ, ಹ್ಯಾಂಗೈತಿ ಅಂದೆ."

"ಮಡಚತೈತಿ."

"ಈಗ ಮಡಚತೈತೋ, ಮೊದಲಿಂದನೋ?"

"ಮೊದಲಿಂದ." ಉದಯ ಸ್ಟಂಪಿನ ಹಿಂದೆಯೇ ನಿಂತಿದ್ದ, ಮುಂದೆ ಬರಲಿಲ್ಲ. "ಇದ ಗ್ರೌಂಡಿನಾಗ ಮೊದಲ ದಿನ ಹಾಕಿದೆಲ್ಲ, ಅವತ್ತ ಕಂಡಿತ್ತು. ಹೇಳೋಣು ಅಂತ ಬಾಯಿ ತಗದೆ. ಅಷ್ಟರಾಗ ಆ ಬ್ಯಾಟ್ಸ್‌ಮನ್ ಬೌಲ್ಡ್ ಆಗಿದ್ದ, ನೀ ಕುಣೀತಿದ್ದಿ."

"ಅವತ್ತ ಬ್ಯಾಡ. ಮರುದಿನ ಹೇಳಬಹುದಿತ್ತಲ್ಲೋ! ಹದಿನಾರು ವಯಸ್ಸಿನ ಕೈ, ತಿದ್ದತಿದ್ದೆ."

"ತಿದ್ದಿದ್ರ ಆ ಚೆಂಡು ತಿರುಗತಿದ್ದಿಲ್ಲ. ಆ ಚೆಂಡು ಇಲ್ಲಾಂದ್ರ ನಮ್ಮನ್ನ ಯಾರು ಕರೀತಿದ್ರು?"

"ನಮ್ಮನ್ನ!" ರಾಜಕುಮಾರ ಕೂಗಿದ. "ನಿನ್ನನ್ನ ಅನ್ನು. ಈ ಚೆಂಡಿಗೆ ನೀ ಒಬ್ಬನ ಕೀಪರು. ಅದಕ್ಕ ತೋಳು ಮುಚ್ಚಿಸಿದಿ."

"ನನಗೂ ಮನಿ ಐತಿ ರಾಜಾ. ಅವ್ವನ ಮಾತು ಕೇಳಿದಿಲ್ಲ ಈಗ? ಅಂಪೈರ್‌ಗೋಳು ಏನೂ ಅನ್ನಲಿಲ್ಲ. ನೀ ಇಂಡಿಯಾಕ್ಕ ಹೋದಿ. ಆಮ್ಯಾಲ ಹ್ಯಾಂಗ ಹೇಳಲಿ? ಒಂದು ವರ್ಷ ಮುಚ್ಚಿಟ್ಟಿದ್ದನ್ನ ಹತ್ತು ವರ್ಷಕ್ಕ ಹೇಳಾಕ ಬರಂಗಿಲ್ಲೋ."

ರಾಜಕುಮಾರ ಪಿಚ್ಚಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಬೇಸರಕ್ಕಿಂತ ಮೊದಲು ಅವನಿಗೆ ಬಂದದ್ದು ನಾಚಿಕೆ. ಅವನು ಔಟು ಮಾಡಿದ ಬ್ಯಾಟ್ಸ್‌ಮನ್ನರು, ಪೆವಿಲಿಯನ್ನಿಗೆ ನಡೆಯುತ್ತಾ ತಿರುಗಿ ತಿರುಗಿ ಅವನ ಕೈ ನೋಡಿದವರು, ಅವರಿಗೆಲ್ಲ ಕಂಡಿತ್ತೇನೋ. ಕಾಣದೆ ಉಳಿದವನು ಆ ಕೈಯ ಒಡೆಯ ಮಾತ್ರ.

ಉದಯ ಬಂದು ಎದುರಿಗೆ ಕೂತು ತಗ್ಗಿದ ದನಿಯಲ್ಲಿ ಹೇಳಿದ: "ಇನ್ನೂ ದಾರಿ ಐತಿ. ಪರೀಕ್ಷೆದಾಗ ದೂಸ್ರಾ ಮೆಲ್ಲಕ ಹಾಕು, ಜೋರು ಕಡಿಮಿ ಮಾಡು. ಮೆಲ್ಲಕ ಹಾಕಿದ್ರ ಕೈ ಅಷ್ಟು ಮಡಚಂಗಿಲ್ಲ. ಈ ವಾರ ದಿನಾ ಇಲ್ಲಿ ಬಾ. ನಾ ನಿಂತು ನೋಡ್ತೀನಿ, ನೆಟ್ಟಗಾದ ಕೂಡಲೇ ಹೇಳ್ತೀನಿ."

"ಯಾರು ಹೇಳ್ತಿ?"

"ನಾ."

"ನೆಟ್ಟಗೈತಿ ಅಂತ?"

ರಾಜಕುಮಾರ ಎದ್ದು ಮಣ್ಣು ಝಾಡಿಸಿಕೊಂಡ. ಮಖ್ತಲ್ ತನಕ ಕಾರಿನಲ್ಲಿ ಬಿಡುತ್ತೇನೆಂದೂ ಅನ್ನಲಿಲ್ಲ. ಬಸ್ಸು ಸಿಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಆ ವಾರವಿಡೀ ಅವನು ಚೆಂಡು ಮುಟ್ಟಲಿಲ್ಲ. ಮೆಲ್ಲಗೆ ಹಾಕಿ ಪಾರಾಗುವುದು ಕಷ್ಟವೇನೂ ಆಗಿರಲಿಲ್ಲ. ಆದರೆ ಹಾಗೆ ಪಾರಾದರೆ ಮುಂದೆಯೂ ಪ್ರತಿ ಓವರಿಗೆ ಯಾರನ್ನಾದರೂ ಕೇಳುತ್ತಲೇ ಇರಬೇಕು, ಕೇಳಿದ್ದನ್ನು ನಂಬಬೇಕು. ಆ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಪ್ರಯೋಗಾಲಯದಲ್ಲಿ ಅಂಗಿ ಬಿಚ್ಚಿಸಿ, ಭುಜಕ್ಕೆ, ಮೊಳಕೈಗೆ, ಮಣಿಕಟ್ಟಿಗೆ ಬೆಳ್ಳಗೆ ಹೊಳೆಯುವ ಗುಂಡುಗಳನ್ನು ಅಂಟಿಸಿದರು. ಸುತ್ತಲೂ ಕ್ಯಾಮೆರಾಗಳು. ಪಂದ್ಯದಲ್ಲಿ ಹಾಕುವಷ್ಟೇ ಜೋರಾಗಿ ಹಾಕಿ ಎಂದರು. ಅವನು ಹಾಗೆಯೇ ಹಾಕಿದ, ಒಂದನ್ನೂ ಕಳ್ಳತನದಲ್ಲಿ ಮೆಲ್ಲಗೆ ಬಿಡಲಿಲ್ಲ. ಕೊನೆಗೆ ಅಲ್ಲಿಯ ತಜ್ಞೆ ಪರದೆಯನ್ನು ಅವನತ್ತ ತಿರುಗಿಸಿ, "ನೋಡ್ತೀರಾ?" ಎಂದರು.

ಅವನು ಕುರ್ಚಿ ಮುಂದಕ್ಕೆ ಎಳೆದುಕೊಂಡು ನೋಡಿದ. ಮಾಮೂಲಿ ಆಫ್ ಸ್ಪಿನ್ ಹಾಕುವಾಗ ಅವನ ಮೊಳಕೈ ಒಂಬತ್ತು ಡಿಗ್ರಿ ನೆಟ್ಟಗಾಗುತ್ತಿತ್ತು. ದೂಸ್ರಾ ಹಾಕುವಾಗ ಹದಿನೈದರ ಗೆರೆ ದಾಟಿ ಇಪ್ಪತ್ತಮೂರು ಡಿಗ್ರಿ.