ಗುದ್ದಿದವನಿಗೆ ಹೊದಿಸಿದ ಶಾಲು

ಮಸ್ಕಿಯ ಗೌಂಡಿ ಗ್ಯಾನಪ್ಪನಿಗೆ ತನ್ನ ಕೈಕೆಲಸದ ಬಗ್ಗೆ ಅಂಥ ಹೆಮ್ಮೆಯೇನೂ ಇರಲಿಲ್ಲ. ಕಟ್ಟಿದ ಗೋಡೆಗಳು ನಿಂತಿದ್ದವು, ಅಷ್ಟು ಸಾಕು. ಅವನಿಗೆ ಹೆಮ್ಮೆಯಿದ್ದದ್ದು ತನ್ನ ಕಿವಿಯ ಬಗ್ಗೆ. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಕಂಬಕ್ಕೊರಗಿ ಕೂತನೆಂದರೆ ಮಂಗಳಾರತಿಯವರೆಗೆ ಅಲುಗುತ್ತಿರಲಿಲ್ಲ. ಶಾಸ್ತ್ರಿಗಳು ಪದ್ಯ ಎತ್ತಿಕೊಂಡರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು, ತಲೆ ತಾನಾಗಿ ತೂಗುತ್ತಿತ್ತು. "ಕೇಳಿದರ ಗ್ಯಾನಪ್ಪನಂಗ ಕೇಳಬೇಕು" ಎಂದು ಶಾಸ್ತ್ರಿಗಳೇ ಒಮ್ಮೆ ಮೈಕಿನಲ್ಲಿ ಹೇಳಿದ್ದರು. ಆ ಮಾತನ್ನು ಅವನು ಹೆಂಡತಿ ಅಮರಮ್ಮನಿಗೆ ಆಗಾಗ ನೆನಪಿಸುತ್ತಿದ್ದ. ಅಮರಮ್ಮ ಬರುತ್ತಿದ್ದದ್ದು ಪ್ರಸಾದದ ಹೊತ್ತಿಗೆ. ಬಂದವಳೂ ಹೆಂಗಸರ ಸಾಲಿನಲ್ಲಿ ತೂಕಡಿಸುತ್ತಿದ್ದಳು.

ಇಂಥ ಕಿವಿಗೆ ಬೆನ್ನ ಹಿಂದೆ ಬಂದ ಲಾರಿಯ ಸದ್ದು ಮಾತ್ರ ಕೇಳಿಸಲಿಲ್ಲ. ಲಿಂಗಸುಗೂರಿನಲ್ಲಿ ಒಂದು ಮನೆಯ ಗೋಡೆಗೆ ಸಿಮೆಂಟು ಬಳಿದು ಮುಗಿಸಿ ಬೈಕಿನಲ್ಲಿ ಊರಿಗೆ ಬರುತ್ತಿದ್ದ. ತನ್ನ ಪಾಡಿಗೆ ತಾನು ರಸ್ತೆಯ ಎಡಗಡೆಗೇ ಇದ್ದ. ಅಕ್ಕಿ ಇಳಿಸಿ ಸಿಂಧನೂರಿಗೆ ಮರಳುತ್ತಿದ್ದ ಖಾಲಿ ಲಾರಿ ಹಿಂದಿನಿಂದ ಗುದ್ದಿತು. ಬೈಕು ಒಂದು ಕಡೆ, ಕೆಲಸದ ಚೀಲ ಇನ್ನೊಂದು ಕಡೆ, ಗ್ಯಾನಪ್ಪ ತೊಗರಿ ಹೊಲದ ಬದುವಿನಲ್ಲಿ.

ಗುದ್ದಿದ ಲಾರಿ ಓಡಿಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಈ ಲಾರಿ ನಿಂತಿತು. ಡ್ರೈವರು ಸಿಂಧನೂರಿನ ಖಾದರಬಾಷಾ. ಇಳಿದು ಓಡಿಬಂದು, ಹೆಗಲ ಮೇಲಿನ ಟವೆಲಿನಿಂದ ಇವನ ಮುರಿದ ಕಾಲು ಬಿಗಿದು, ಮಗುವಿನಂತೆ ಎತ್ತಿ ತನ್ನ ಹಿಂದಿನ ಸೀಟಿನಲ್ಲಿ ಮಲಗಿಸಿ, ಲಾರಿ ಹೊರಳಿಸಿ ಲಿಂಗಸುಗೂರಿನ ಆಸ್ಪತ್ರೆಗೆ ತಂದ. ಅಮರಮ್ಮ ಬಂದು ಮುಟ್ಟುವವರೆಗೂ ಅಲ್ಲಿಂದ ಕದಲಲಿಲ್ಲ. ಏನಾಯಿತು ಎಂದು ಡಾಕ್ಟರು ಕೇಳಿದಾಗ ಗ್ಯಾನಪ್ಪ ಬಾಗಿಲ ಬಳಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ಬಾಷಾನ ಮುಖ ನೋಡಿದ. "ಗಾಡಿ ಮ್ಯಾಲಿಂದ ಬಿದ್ದೆನ್ರೀ" ಎಂದುಬಿಟ್ಟ. ಸುಳ್ಳಂತೂ ಅಲ್ಲ. ಬಿದ್ದದ್ದು ನಿಜವೇ.

ಅಷ್ಟಕ್ಕೇ ಬಿಟ್ಟಿದ್ದರೆ ಅವನು ಸಾಧಾರಣ ದಡ್ಡನಾಗಿ ಉಳಿಯುತ್ತಿದ್ದ. ಆದರೆ ಕಾಲಿಗೆ ರಾಡು ಹಾಕಿಸಿಕೊಂಡು ಮನೆಯಲ್ಲಿ ಮಲಗಿದವನಿಗೆ ಪುರಾಣದ ಪುಣ್ಯಪುರುಷರೆಲ್ಲ ಸಾಲಾಗಿ ನೆನಪಾದರು. ಅವರೊಳಗೆ ಬಾಷಾನಿಗೂ ಒಂದು ಜಾಗ ಮಾಡಿದ. ಆ ಸಲದ ಪುರಾಣದ ಮಂಗಲಕ್ಕೆ ಬಾಷಾನನ್ನು ಕರೆಸಿ ಶಾಲು ಹೊದಿಸಬೇಕೆಂದು ಮಠದ ಕಮಿಟಿಯವರ ಬೆನ್ನುಬಿದ್ದ. ಶಾಲಿಗೆ ಜನ ಹುಡುಕುವುದೇ ಕಷ್ಟವಾಗಿದ್ದ ಕಮಿಟಿಯವರು ಒಪ್ಪಿದರು. ಹುಟ್ಟಿದಾಗಿನಿಂದ ಬರೀ ಕೇಳುತ್ತ ಬಂದಿದ್ದ ಗ್ಯಾನಪ್ಪ ಅವತ್ತು ಕುರ್ಚಿಯಲ್ಲಿ ಕೂತು ಮೊದಲ ಸಲ ಮೈಕು ಹಿಡಿದ.

ಹಿಡಿದವನು ಬಿಡಲಿಲ್ಲ. "ಆಪದ್ಬಾಂಧವ", "ಕರುಣಾಸಿಂಧು", "ದಾರಿಯಲ್ಲಿ ಬಿದ್ದ ಈ ಬಡವನನ್ನು ಎತ್ತಿ ತಂದ ಮಹಾನುಭಾವ" ಎಂದು ಅಷ್ಟು ವರ್ಷ ಕಿವಿಯಲ್ಲಿ ತುಂಬಿಕೊಂಡಿದ್ದೆಲ್ಲ ಹೊರಗೆ ಬಂತು. ತಬಲಾದ ಯಮನೂರ ಫೋನು ಮೇಲೆತ್ತಿ ವಿಡಿಯೋ ಮಾಡಿದ. ಜನ ಚಪ್ಪಾಳೆ ಹೊಡೆದರು. ಶಾಲು ಹೊದ್ದ ಖಾದರಬಾಷಾ ಮಾತ್ರ ಪೊಲೀಸರ ಮುಂದೆ ನಿಂತವನಂತೆ ಬೆವರುತ್ತಿದ್ದ.

ದೀಪಾವಳಿ ಕಳೆದ ಮೇಲೆ ಡಾಕ್ಟರು ಎಕ್ಸರೇ ಹಿಡಿದು ನೋಡಿ, ಎಲುಬು ಸೊಟ್ಟಗೆ ಕೂಡಿದೆ, ಇನ್ನೊಂದು ಆಪರೇಷನ್ ಆಗಲೇಬೇಕು ಎಂದರು. ಆಗದಿದ್ದರೆ ಏಣಿ ಹತ್ತುವ ಮಾತು ಮರೆತುಬಿಡಬೇಕು. ಏಣಿ ಹತ್ತದ ಗೌಂಡಿಗೆ ಯಾರು ಕೆಲಸ ಕೊಡುತ್ತಾರೆ? ಅಮರಮ್ಮ ಗಂಡನನ್ನು ಬಸ್ಸಿಗೆ ಹತ್ತಿಸಿ ಸಿಂಧನೂರಿನ ವಕೀಲೆ ಸುಕನ್ಯಾ ಅವರ ಮುಂದೆ ಕೂರಿಸಿದಳು.

"ಬಾಷಾನ ಮ್ಯಾಲೆ ಕಂಪ್ಲೇಂಟ್ ಕೊಡಾಕ ನನ್ನ ಮನಸ್ಸು ಒಪ್ಪವಲ್ದರೀ ಅಕ್ಕಾರ. ಉಪಕಾರ ಮಾಡಿದವ" ಎಂದ ಗ್ಯಾನಪ್ಪ.

"ನಿಮಗ ಪರಿಹಾರ ಕೊಡೋದು ಅವನಲ್ಲರೀ, ಇನ್ಶೂರೆನ್ಸ್ ಕಂಪನಿಯವ್ರು. ಗುದ್ದಿದ ಲಾರಿ ಅದಾ ಅಂತ ನೀವು ಹೇಳಬೇಕು, ಅಷ್ಟಾ."

"ಗುದ್ದಿದ್ದಂತೂ ಅದಾರೀ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ಶಾಲು ಹೊದಿಸೋ ಗಡಿಬಿಡ್ಯಾಗ ಇದ್ದ" ಎಂದಳು ಅಮರಮ್ಮ.

ಸುಕನ್ಯಾ ಪೆನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದರು. ಶಾಲಿನ ಸುದ್ದಿ ಅವರಿಗೆ ಗೊತ್ತಾದದ್ದು ಆಗಲೇ.

ಕೇಸು ಹಾಕಿದ್ದಾಯಿತು. ಕಂಪನಿಯ ವಕೀಲರು ಮೆತ್ತನೆಯ ದನಿಯ ಮನುಷ್ಯ. ಕಟಕಟೆಯಲ್ಲಿ ಕೋಲೂರಿ ನಿಂತ ಗ್ಯಾನಪ್ಪನಿಗೆ ಆ ದನಿ ಕೇಳಿ ಶಾಸ್ತ್ರಿಗಳ ನೆನಪಾಗಿ, ತಲೆ ತೂಗದಂತೆ ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಯಿತು.

"ಇದು ನೀವಾ ಏನ್ರೀ?" ಎಂದು ಅವರು ಫೋನಿನ ವಿಡಿಯೋ ತೋರಿಸಿದರು. ಯಮನೂರ ಊರಿಗೆಲ್ಲ ಹಂಚಿದ್ದ ತುಣುಕು ಅದು.

"ಹೌದ್ರೀ, ನಾನಾ."

"ದಾರಿಯಲ್ಲಿ ಬಿದ್ದ ಬಡವ ಅಂತ ನಿಮ್ಮ ಬಾಯಿಲೇ ಹೇಳೀರಿ. ಗುದ್ದಿ ಬೀಳಿಸಿದ ಅಂದಿಲ್ಲ. ಆಸ್ಪತ್ರ್ಯಾಗೂ ಬಿದ್ದೆ ಅಂತನಾ ಬರಸೀರಿ. ತಿಂಗಳಗಟ್ಟಲೆ ಸುಮ್ಮನಿದ್ದು, ಪರಿಹಾರ ಬೇಕಾದಾಗ ಉಪಕಾರ ಮಾಡಿದವನ ಲಾರಿಯನ್ನಾ ಹಿಡಕೊಂಡೀರಿ. ಖರೇ ಅಲ್ಲೇನು?"

ಗ್ಯಾನಪ್ಪನ ಮುಖ ಸುಣ್ಣ ಬಳಿದ ಗೋಡೆಯಾಯಿತು. ನ್ಯಾಯಾಧೀಶರು ತಾವೇ ಕೇಳಿದರು: "ಅವನೇ ಗುದ್ದಿದ್ದರೆ ಅಲ್ಲಿ ಯಾಕೆ ಹೇಳಲಿಲ್ಲ?"

"ಸಾಹೇಬ್ರ, ಶಾಲು ಹೊದಿಸುವಾಗ ಯಾರಾರ ತಪ್ಪು ಎತ್ತಿ ಆಡ್ತಾರೇನ್ರೀ? ನಮ್ಮ ಮಠದಾಗ ಬಡ್ಡಿ ತಿನ್ನೋರಿಗೆ ದಾನಶೂರ ಕರ್ಣ ಅಂದಾರ. ಸೋರೋ ನೀರಿನ ಟಾಕಿ ಕಟ್ಟಿದ ಕಾಂಟ್ರಾಕ್ಟರಗ ಭಗೀರಥ ಅಂದಾರ. ನಾನೂ ಹಂಗಾ ಕೇಳಕೋಂತ ಬೆಳದವ. ಇದು ಮೈಕಿನ ಭಾಷಾರೀ."

ಕೋರ್ಟಿನಲ್ಲಿ ನಗು ಎದ್ದಿತು. ನ್ಯಾಯಾಧೀಶರ ಮೀಸೆಯೂ ಸ್ವಲ್ಪ ಅಲುಗಿತು. ಆದರೆ ನಗಿಸಿದ್ದು ಸಾಕ್ಷಿ ಆಗುವುದಿಲ್ಲ. ಕೇಸು ಮುಂದಕ್ಕೆ ಹೋಯಿತು. ಮುಂದಿನ ಸಲಕ್ಕೆ ಡ್ರೈವರನ್ನು ಕರೆಸುವುದೆಂದಾಯಿತು.

ಹೊರಗೆ ಚಹಾದಂಗಡಿಯಲ್ಲಿ ಸುಕನ್ಯಾ ಮೂವರಿಗೂ ಚಹಾ ಹೇಳಿದರು. ಆಮೇಲೆ, "ಬಾಷಾಗ ಅವನ ಮಾಲಕರು ಬಾಯಿ ಬಿಡಬ್ಯಾಡ ಅಂದಾರಂತ. ಗುದ್ದಿಲ್ಲ ಅಂತ ಅವ ಅಂದುಬಿಟ್ಟರ ನಿಮ್ಮ ಕಾಲಿನ ಆಸೆ ಬಿಟ್ಟಂಗ" ಎಂದರು.

"ಈಗ ಅಂದರ ಅನ್ನಲಿ ಬಿಡ್ರಿ" ಎಂದಳು ಅಮರಮ್ಮ ಬಸಿಯಲ್ಲಿ ಚಹಾ ಆರಿಸುತ್ತ. "ಅವತ್ತ ಮೈಕಿನ್ಯಾಗ ತಾನಾ ಹೇಳ್ಯಾನಲ್ಲ, ಗುದ್ದಿದವ ನಾನಾ ಅಂತ."

ಇಬ್ಬರೂ ಅವಳ ಕಡೆ ತಿರುಗಿದರು.

"ಯಾವಾಗ ಹೇಳಿದನಬೇ?" ಎಂದ ಗ್ಯಾನಪ್ಪ.

"ನೀ ಮೈಕ್ ಕೊಟ್ಟ ಮ್ಯಾಲೆ. ಈ ಶಾಲಿಗೆ ನಾನು ಲಾಯಕ್ಕಿಲ್ಲ, ಗುದ್ದಿದವ ನಾನಾ, ಕಣ್ಣಿಗೆ ಜೋಂಪು ಹತ್ತಿತ್ತು ಅಂದ. ಎಲ್ಲಾರೂ ಚಪ್ಪಾಳಿ ಹೊಡದ್ರಿ. ಎಲ್ಲಾರಕಿಂತ ಜೋರ ನೀನಾ ಹೊಡದಿ."

ಗ್ಯಾನಪ್ಪನಿಗೆ ಆಗ ನೆನಪಾಯಿತು. ಶಾಲು ಹೊದ್ದವರು 'ನಾನು ಇದಕ್ಕೆ ಲಾಯಕ್ಕಿಲ್ಲ' ಎನ್ನುವುದು ಪದ್ಧತಿ. ಅಂದ ಕೂಡಲೇ ಚಪ್ಪಾಳೆ ಹೊಡೆಯುವುದೂ ಪದ್ಧತಿ. ಬಾಷಾ ಆ ಮೊದಲ ಮಾತು ಅಂದದ್ದೇ ತಡ, ಎಂಥ ವಿನಯವಂತ ಎಂದು ಕಣ್ಣುಮುಚ್ಚಿ ತಲೆ ತೂಗುತ್ತ ಅಂಗೈ ಕೆಂಪಗಾಗುವಂತೆ ಬಡಿದಿದ್ದ. ಉಳಿದದ್ದಕ್ಕೆ ಕಿವಿಯೇ ಕೊಟ್ಟಿರಲಿಲ್ಲ. ಊರಿಗೇ ದೊಡ್ಡ ಕಿವಿಯವನು! ಜೀವಮಾನದಲ್ಲಿ ಅವನ ಸಲುವಾಗಿಯೇ ಯಾರೋ ಮೈಕಿನಲ್ಲಿ ಒಂದು ಮಾತು ಹೇಳಿದಾಗ ಅದನ್ನು ಕೇಳಿಸಿಕೊಂಡದ್ದು ಹೆಂಗಸರ ಸಾಲಿನಲ್ಲಿ ತೂಕಡಿಸುವವಳು.

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಕೇಳಿದರ ನಿನ್ನಂಗ ಕೇಳಬೇಕಲ್ಲ, ನೀ ಕೇಳಿರತಿ ಅಂದಕೊಂಡೆ."

ಯಮನೂರನಿಗೆ ಫೋನು ಹೋಯಿತು. ಅವನು ಯಾವುದನ್ನೂ ಅಳಿಸುವವನಲ್ಲ. ಸತ್ತ ಎಮ್ಮೆಯ ಫೋಟೋ ಕೂಡ ಇಟ್ಟುಕೊಂಡಿದ್ದ. ಮಂಗಳಾರತಿಯವರೆಗಿನ ಪೂರ್ತಿ ವಿಡಿಯೋ ಅವನ ಹತ್ತಿರವಿತ್ತು.

ಮುಂದಿನ ಸಲ ಸುಕನ್ಯಾ ಅದನ್ನು ಕೋರ್ಟಿನಲ್ಲಿ ಹಾಕಿಸಿದರು. ಚಪ್ಪಾಳೆ, ತಾಳದ ಪೆಟ್ಟು, ನಡುವೆ ಒಂದು ಮಗುವಿನ ಅಳು. ಅವೆಲ್ಲದರ ಅಡಿಯಲ್ಲಿ ಬಾಷಾನ ದನಿ ಸಣ್ಣಗೆ, ಆದರೆ ಬಿಡಿಬಿಡಿಯಾಗಿ ಕೇಳುತ್ತಿತ್ತು. ಕಂಪನಿಯ ವಕೀಲರು ಗದ್ದಲದಲ್ಲಿ ಹೇಳಿದ್ದನ್ನು ನಂಬಬಾರದು ಎಂದರು. ನ್ಯಾಯಾಧೀಶರು ಕಟಕಟೆಯತ್ತ ನೋಡಿದರು.

ಖಾದರಬಾಷಾ ಕಟಕಟೆಯಿಂದ ಒಮ್ಮೆ ಹಿಂದಕ್ಕೆ ನೋಡಿದ. ಹಿಂದಿನ ಬೆಂಚಿನಲ್ಲಿ ಅವನ ಮಾಲಕ ಕೂತಿದ್ದ. ಬಾಷಾ ಮುಂದಕ್ಕೆ ತಿರುಗಿ ಕೈಮುಗಿದ.

"ದನಿ ನಂದಾ ಸಾಹೇಬ್ರ. ಗುದ್ದಿದವನೂ ನಾನಾ. ಅವತ್ತ ಅಷ್ಟು ಮಂದಿ ಮುಂದ ಹೇಳಿದೆ, ಒಬ್ಬರೂ ಸಿಟ್ಟಾಗಲಿಲ್ಲ, ಚಪ್ಪಾಳಿ ಹೊಡದ್ರು. ಅವತ್ತಿಂದ ನನಗ ನಿದ್ದಿ ಸರಿ ಇಲ್ಲರೀ. ಇವತ್ತರ ಯಾರೂ ಹೊಡೀಬ್ಯಾಡ್ರಿ."

ಯಾರೂ ಹೊಡೆಯಲಿಲ್ಲ. ಗ್ಯಾನಪ್ಪನ ಅಂಗೈಗಳು ಒಂದರ ಕಡೆ ಒಂದು ಹೊರಟಿದ್ದವು. ಅಮರಮ್ಮ ಬಲಗೈ ಹಿಡಿದು ತನ್ನ ಮಡಿಲಲ್ಲಿ ಒತ್ತಿಕೊಂಡಳು.

ತೀರ್ಪು ಗ್ಯಾನಪ್ಪನ ಕಡೆಗಾಯಿತು. ಬಾಷಾನಿಗೆ ಪೊಲೀಸ್ ಕೇಸಿನಲ್ಲಿ ದಂಡ ಬಿತ್ತು, ಹಳೆಯ ಮಾಲಕನ ಕೆಲಸವೂ ಹೋಯಿತು. ಈಗ ಬೇರೆಯವರ ಲಾರಿ ಓಡಿಸುತ್ತಾನೆ. ಆಪರೇಷನ್ನಿಗೆ ರಾಯಚೂರಿಗೆ ಹೋಗುವ ದಿನ ಮನೆಯ ಮುಂದೆ ಲಾರಿಯ ಹಾರ್ನ್ ಕೇಳಿಸಿತು. ಈ ಸಲ ಗ್ಯಾನಪ್ಪನಿಗೂ ಕೇಳಿಸಿತು.

"ಬಾ ಅಣ್ಣಾ, ರಾಯಚೂರಿಗೇ ಹೊಂಟೀನಿ. ಬಸ್ಸಿನ್ಯಾಗ ಕಾಲು ಚಾಚಾಕ ಆಗಂಗಿಲ್ಲ."

ಹಿಂದಿನ ಸೀಟಿನ ಮೇಲೆ ಶಾಲು ಹಾಸಿತ್ತು. ಮಠದ್ದೇ ಶಾಲು, ಜರಿ ಇನ್ನೂ ಹೊಳೆಯುತ್ತಿತ್ತು. ಬಾಷಾ ಅವನನ್ನು ಮೊದಲ ಸಲ ಎತ್ತಿದಂತೆಯೇ ಎತ್ತಿ ಅದರ ಮೇಲೆ ಮಲಗಿಸಿದ. ಎಲ್ಲೆಲ್ಲಿಂದಲೋ ದೊಡ್ಡ ದೊಡ್ಡ ಮಾತು ನೆನಪಾಗಿ ಗ್ಯಾನಪ್ಪ ಬಾಯಿ ತೆರೆಯುವಷ್ಟರಲ್ಲಿ, ಮುಂದಿನ ಸೀಟಿನಿಂದ ಅಮರಮ್ಮ ಹೊರಳಿ ನೋಡಿದಳು.

"ಸುಮ್ಮ ಮಲಗು. ಕಾಲು ನೆಟ್ಟಗ ಆಗೋ ತನಕ ಯಾರನ್ನೂ ಹೊಗಳಬ್ಯಾಡ."

ಗ್ಯಾನಪ್ಪ ಬಾಯಿ ಮುಚ್ಚಿದ. ಆ ಮಾತನ್ನು ಮಾತ್ರ ಅವನು ಪೂರ್ತಿ ಕೇಳಿಸಿಕೊಂಡಿದ್ದ.