ಎಲ್ಲೂ ನೋವಿಲ್ಲ

ಬೀದಿಗೆಲ್ಲ ಟೈಲರಕ್ಕ ಎಂದೇ ಗೊತ್ತಿದ್ದ ಅವಳು ತುರ್ತು ವಿಭಾಗದ ಮಂಚದ ಮೇಲೆ ಅಂಗಾತ ಮಲಗಿದ್ದಳು. ಕತ್ತಿಗೆ ಗಟ್ಟಿ ಪಟ್ಟಿ ಬಿಗಿದಿದ್ದರು. ತಲೆ ಅಲ್ಲಾಡಿಸಕೂಡದು ಎಂದು ಅಪ್ಪಣೆಯಾಗಿತ್ತು. ಹುಟ್ಟಿದಾಗಿನಿಂದ ಯಾರ ಮಾತಿಗೂ ತಲೆಯಾಡಿಸದ ಹೆಂಗಸಿಗೆ ಅದೇನು ಕಷ್ಟದ ಕೆಲಸವಲ್ಲ. ಆದರೆ ಗಂಡನನ್ನು ಪಕ್ಕದಿಂದಲೇ ಸ್ಕ್ಯಾನ್ ಕೋಣೆಗೆ ತಳ್ಳಿಕೊಂಡು ಹೋಗಿದ್ದರು. ಅವನ ಹತ್ತಿರ ಹೋಗಬೇಕಾದರೆ ಮೊದಲು ಈ ಪಟ್ಟಿ ಬಿಚ್ಚಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ಬೆಳಿಗ್ಗೆ ವ್ಯಾನು ಹತ್ತುವಾಗಲೇ ಅವನು ಎದೆ ಉಜ್ಜಿಕೊಂಡಿದ್ದ. "ಗ್ಯಾಸು ಕಣೇ" ಅಂದಿದ್ದ. "ಗಂಟಲಮಟ್ಟ ತಿಂದ್ರೆ ಇನ್ನೇನಾಗತ್ತೆ?" ಎಂದು ಇವಳು ಗದರಿದ್ದಳು. ತಿರುವಿನಲ್ಲಿ ಅವನ ಕೈ ಸ್ಟೀರಿಂಗಿನಿಂದ ಜಾರಿತು, ವ್ಯಾನು ಗೋಡೆಗೆ ಗುದ್ದಿತು. ಎದೆನೋವು ಬಂದು ಗುದ್ದಿದ್ದೋ, ಗುದ್ದಿದ್ದಕ್ಕೆ ಎದೆನೋವು ಬಂದದ್ದೋ ಎಂದು ಡಾಕ್ಟರುಗಳು ತಲೆ ಕೆಡಿಸಿಕೊಂಡಾಗ, ನೋವೇ ಮೊದಲು ಎಂದು ಹೇಳಿದವಳು ಇವಳು. ಇಸಿಜಿ ತೆಗೆದರು, ಎಕ್ಸ್‌ರೇ ಯಂತ್ರವನ್ನು ಮಂಚದ ಬಳಿಗೇ ತಂದರು. ಎದೆಯ ದೊಡ್ಡ ರಕ್ತನಾಳ ಸೀಳಿರಬಹುದು ಎಂದು ಸ್ಕ್ಯಾನಿಗೆ ಒಯ್ದರು. ಗಾಲಿಗಳ ಸದ್ದು ದೂರವಾದಾಗ, ತನಗೆ ಭಯವೇ ಆಗುತ್ತಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಒಳಗೆಲ್ಲ ಮರಗಟ್ಟಿದ ಹಾಗಿತ್ತು.

ಎಳೆ ಪ್ರಾಯದ ಡಾಕ್ಟರೊಬ್ಬರು ಬಂದರು. ನರ್ಸ್ ಎರಡೂ ಕೈಯಲ್ಲಿ ಅವಳ ತಲೆ ಹಿಡಿದಳು. ಡಾಕ್ಟರು ಪಟ್ಟಿ ಸಡಿಲಿಸಿ ಕತ್ತಿನ ಮೂಳೆಗಳನ್ನು ಒಂದೊಂದಾಗಿ ಒತ್ತಿದರು.

"ಇಲ್ಲಿ ನೋವಿದ್ಯಾ?"

"ಇಲ್ಲ."

"ಇಲ್ಲಿ?"

"ಎಲ್ಲೂ ಇಲ್ಲ ಡಾಕ್ಟ್ರೇ. ಬಿಚ್ಚಿ, ಅವರ ಹತ್ರ ಹೋಗ್ಬೇಕು."

ಸುಳ್ಳು ಹೇಳಿದ್ದಲ್ಲ. ನಿಜಕ್ಕೂ ನೋವಿರಲಿಲ್ಲ.

"ಕೈಕಾಲೂ ಚೆನ್ನಾಗಿ ಆಡ್ತಿದೆ. ಹಾಗಿದ್ರೆ ಸ್ಕ್ಯಾನ್ ಬೇಡ, ಬಿಚ್ಚೋಣ" ಎಂದರು ಡಾಕ್ಟರು. ಅಷ್ಟರಲ್ಲಿ ಯಾರೋ ಪರದೆಯಾಚೆಯಿಂದ ಅವರನ್ನು ಜೋರಾಗಿ ಕರೆದರು. ಪಟ್ಟಿಯನ್ನು ಇದ್ದ ಹಾಗೇ ಸುತ್ತಿ ಓಡಿದರು.

ಬರಲು ಬಹಳ ಹೊತ್ತಾಯಿತು. ಬಂದವರು ಪಟ್ಟಿಗೆ ಕೈ ಹಾಕಿದರು, ಆದರೆ ಬಿಚ್ಚಲಿಲ್ಲ, ಇನ್ನಷ್ಟು ಬಿಗಿದರು.

"ನಿಮಗೂ ಸ್ಕ್ಯಾನ್ ಮಾಡಿಬಿಡೋಣಮ್ಮ."

"ಆಗ್ಲೇ ಬೇಡ ಅಂದ್ರಲ್ಲ?"

"ಬೇರೆ ಕಡೆ ದೊಡ್ಡ ನೋವಿದ್ರೆ ಕತ್ತಿನ ನೋವು ಗೊತ್ತೇ ಆಗಲ್ಲ. ಆಗ ನೀವು ಇಲ್ಲ ಅಂದ್ರೂ ನಾವು ನಂಬೋ ಹಾಗಿಲ್ಲ."

"ನನಗೆ ಬೇರೆ ಎಲ್ಲಿದೆ ನೋವು?"

ಡಾಕ್ಟರು ಪಟ್ಟಿಯಿಂದ ಕೈ ತೆಗೆದರು. ನಿಯಮ ಒಪ್ಪಿಸಲು ಹೋಗಿ ಸುದ್ದಿಯನ್ನೇ ಹೇಳಿಬಿಟ್ಟೆನೆಂದು ಪಾಪ, ಆ ಹುಡುಗನಿಗೆ ಹೊಳೆದದ್ದೇ ಆಗ. ಪಕ್ಕದಲ್ಲಿ ನರ್ಸ್ ಮೂಗೆಳೆದುಕೊಂಡ ಸದ್ದು ಕೇಳಿಸಿತು. ಟೈಲರಕ್ಕನಿಗೆ ಅರ್ಥವಾಯಿತು.

"ಹೋಗ್ಬಿಟ್ರಾ?"

"ಸ್ಕ್ಯಾನ್ ಮೇಜಿನ ಮೇಲೇ ಅಮ್ಮಾ. ಎಷ್ಟು ಮಾಡಿದ್ರೂ ಉಳಿಸ್ಕೊಳ್ಳೋಕಾಗ್ಲಿಲ್ಲ."

ಅಳು ಬರಬೇಕಿತ್ತು, ಬರಲಿಲ್ಲ. ಅದೇ ಮೇಜಿನ ಮೇಲೆ ಅವಳನ್ನು ಮಲಗಿಸಿ ಅಲುಗಬೇಡಿ ಎಂದರು, ಅಲುಗಲಿಲ್ಲ. ಕತ್ತಿನ ಮೂಳೆಯೊಂದು ಬಿರುಕು ಬಿಟ್ಟಿದೆ, ಪಟ್ಟಿ ಬಿಚ್ಚಿದ್ದರೆ ಕೈಕಾಲೇ ಬಿದ್ದುಹೋಗಬಹುದಿತ್ತು ಎಂದರು. ಯಾರದೋ ಮನೆಯ ವಿಷಯವೆಂಬಂತೆ ಕೇಳಿಸಿಕೊಂಡಳು.

ವಿಷಯ ತಿಳಿದು ಓಡಿಬಂದ ನಾದಿನಿ ಹಟ ಹಿಡಿದು ಅವಳ ಮಂಚವನ್ನು ಅವನ ಮಂಚದ ಪಕ್ಕಕ್ಕೆ ತಳ್ಳಿಸಿದಳು. ತಿರುಗಿ ನೋಡುವಂತಿಲ್ಲ. ಕಣ್ಣೆದುರಿಗಿದ್ದದ್ದು ಟ್ಯೂಬ್‌ಲೈಟ್ ಒಂದೇ.

"ಅತ್ತಿಗೇ, ಅಣ್ಣನ ಕೈ" ಎಂದು ನಾದಿನಿ ಅವನ ಕೈಯನ್ನು ತಂದು ಅವಳ ಕೈಯಲ್ಲಿಟ್ಟಳು. ಪೂರ್ತಿ ತಣ್ಣಗಾಗಿರಲಿಲ್ಲ. ಸವರುತ್ತ ಹೋದಂತೆ ಮಣಿಕಟ್ಟಿನ ಮೇಲೆ ಇಸಿಜಿಗೆಂದು ಅಂಟಿಸಿದ್ದ ಸ್ಟಿಕ್ಕರು ಬೆರಳಿಗೆ ಸಿಕ್ಕಿತು. ತೆಗೆಯಲು ಮರೆತಿದ್ದರು.

"ನಾನು ಕೀಳ್ಲಾ?"

"ಬೇಡ. ನಿಂದು ಒರಟು ಕೈ."

ಕೈತುಂಬ ರೋಮ ಅವನಿಗೆ. ಒಂದು ಪ್ಲಾಸ್ಟರು ಕಿತ್ತರೂ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ. ಅವಳು ಉಗುರಿನಿಂದ ಒಂದು ಅಂಚನ್ನು ಎಬ್ಬಿಸಿ, ಇನ್ನೊಂದು ಕೈಯಿಂದ ಚರ್ಮ ಒತ್ತಿ ಹಿಡಿದು, ಅವನಿಗೆ ನೋಯದ ಹಾಗೆ ಮೆಲ್ಲಗೆ ಬಿಡಿಸತೊಡಗಿದಳು.